ಕುಡಗೋಲು ಕಣ, ಚಳಿಜ್ವರ ಮತ್ತು ಅಂಟುಪ್ರೋಟೀನು: ಮೈಸೂರು ಜಿಲ್ಲೆಯ ಕಾಡಂಚಿನ ತಾಲ್ಲೂಕುಗಳ ಚರಿತ್ರೆಯ ಒಂದು ಅಧ್ಯಾಯ

ಪ್ರಸ್ತಾವನೆ

ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ರಾಜಕೀಯ ಚರಿತ್ರೆಗೆ ಆಕರಗಳ ಕೊರತೆಯಿಲ್ಲ. ಕಪಿಲಾ ತೀರದ ಕಿತ್ತೂರಿನಿಂದ ಆಳಿದ ಪುನ್ನಾಟರು, ಅವರ ಬಳಿಕ ಗಂಗರು, ಚೋಳರು, ಹೊಯ್ಸಳರು, ಪಿರಿಯಾಪಟ್ಟಣವನ್ನು ನೆಲೆಯಾಗಿಸಿಕೊಂಡ ಚೆಂಗಾಳ್ವರು, ಕೊನೆಗೆ ಮೈಸೂರಿನ ಒಡೆಯರು ಹೀಗೆ ಆಳ್ವಿಕೆಯ ಸಾಲು ನಮಗೆ ಪರಿಚಿತವಾಗಿದೆ. ದೇಕಬ್ಬೆಯ ಅಗ್ನಿಪ್ರವೇಶವನ್ನು ಹೇಳುವ 1057ರ ಬೆಳತೂರು ಶಾಸನ ಹೆಗ್ಗಡದೇವನಕೋಟೆ ಸೀಮೆಯದು. ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಈ ತಾಲ್ಲೂಕುಗಳ ದಾನಶಾಸನಗಳೂ ವೀರಗಲ್ಲುಗಳೂ ಸಾಕಷ್ಟಿವೆ.

ಆದರೆ ಈ ನೆಲದ ಕಾಡಿನಲ್ಲಿ ಬಾಳಿದ ಜೇನುಕುರುಬ, ಬೆಟ್ಟಕುರುಬ, ಯರವ, ಸೋಲಿಗ ಸಮುದಾಯಗಳು ತಮ್ಮ ಕುರಿತು ತಾವೇ ಹಾಕಿಸಿದ ಶಾಸನಗಳಿಲ್ಲ. ಅವರ ಬಗೆಗಿನ ಬರಹವೆಲ್ಲ ಹೊರಗಿನವರು ಬರೆದದ್ದು. 1800ರಲ್ಲಿ ಈ ಭಾಗದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, 1909ರಲ್ಲಿ ಏಳು ಸಂಪುಟಗಳನ್ನು ಪ್ರಕಟಿಸಿದ ಎಡ್ಗರ್ ಥರ್ಸ್‌ಟನ್, ಮೈಸೂರು ಸಂಸ್ಥಾನದ ಜಾತಿ ಬುಡಕಟ್ಟುಗಳನ್ನು ಕುರಿತು ಬರೆದ ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಇವರೆಲ್ಲ ನೋಡಿದವರೇ ಹೊರತು ಆ ಬದುಕನ್ನು ಬಾಳಿದವರಲ್ಲ. ಇಂಥ ಜನರ ಚರಿತ್ರೆಯನ್ನು ಕಟ್ಟುವಾಗ ಹಾಡು, ಕಥೆ, ಆಚರಣೆಗಳ ಜೊತೆಗೆ ಮತ್ತೊಂದು ಆಕರವೂ ನಮ್ಮ ಮುಂದಿದೆ. ಅದು ಅವರ ರಕ್ತದಲ್ಲಿ ತಲೆಮಾರುಗಳಿಂದ ಉಳಿದುಬಂದಿರುವ ಕುಡಗೋಲು ಕಣದ ವಂಶವಾಹಿ. ಈ ವಂಶವಾಹಿಯ ಚರಿತ್ರೆಯನ್ನೂ, ಅದು ತರುವ ನೋವಿಗೆ ಕಾರಣವಾದ ಪಿ-ಸೆಲೆಕ್ಟಿನ್ ಎಂಬ ಅಂಟುಪ್ರೋಟೀನಿನ ಶೋಧವನ್ನೂ ಈ ನಾಲ್ಕು ತಾಲ್ಲೂಕುಗಳ ಹಿನ್ನೆಲೆಯಲ್ಲಿಟ್ಟು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಚಳಿಜ್ವರದ ಸೀಮೆ

ನಾಲ್ಕು ತಾಲ್ಲೂಕುಗಳು ಒಂದಕ್ಕೊಂದು ಹೊಂದಿಕೊಂಡಿದ್ದರೂ ಅವುಗಳ ನೆಲದ ಗುಣ ಒಂದೇ ಅಲ್ಲ. ಕಾವೇರಿಯ ನಾಲೆಗಳಿಂದ ಭತ್ತ ಬೆಳೆಯುವ ಕೃಷ್ಣರಾಜನಗರ ಬಯಲು ಸೀಮೆ. ಹಳೆಯ ಎಡತೊರೆ ಪಟ್ಟಣಕ್ಕೆ ಹೊಳೆಯ ಪ್ರವಾಹದ ಬಾಧೆ ತಟ್ಟಿದ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಎದ್ದ ಹೊಸ ಪಟ್ಟಣವದು. ಹುಣಸೂರು ಮತ್ತು ಪಿರಿಯಾಪಟ್ಟಣಗಳು ಬಯಲು ಮತ್ತು ಕಾಡುಗಳ ನಡುವಿನ ಅಂಚಿನಲ್ಲಿವೆ. ಹೆಗ್ಗಡದೇವನಕೋಟೆ, ಈಗ ಅದರಿಂದ ಬೇರ್ಪಟ್ಟು ತಾಲ್ಲೂಕಾಗಿರುವ ಸರಗೂರನ್ನೂ ಸೇರಿಸಿ, ವಯನಾಡಿನ ಕಾಡಿಗೆ ಬೆನ್ನು ಕೊಟ್ಟು ನಿಂತಿದೆ.

ಈ ಕಾಡುನಾಡಿನ ಬಗೆಗೆ ಬಯಲಿನವರಲ್ಲಿದ್ದ ಭಯಕ್ಕೆ ಹುಲಿ, ಆನೆಗಳಷ್ಟೇ ಕಾರಣವಾಗಿರಲಿಲ್ಲ, ಚಳಿಜ್ವರವೂ ಕಾರಣವಾಗಿತ್ತು. ಮಲೇರಿಯಾವನ್ನು ಹರಡುವ ಅನಾಫಿಲಿಸ್ ಸೊಳ್ಳೆಗಳಲ್ಲಿ ಒಂದು ಜಾತಿ ಬೆಟ್ಟದ ತೊರೆಗಳ ತಿಳಿನೀರಿನಲ್ಲಿಯೂ ಇನ್ನೊಂದು ಜಾತಿ ಬಯಲಿನ ನಾಲೆ ಮತ್ತು ಹೊಂಡಗಳಲ್ಲಿಯೂ ಬೆಳೆಯುತ್ತದೆ. ಹೀಗಾಗಿ ಕಾಡಿನವರಿಗೂ ನೀರಾವರಿಯ ಬಯಲಿನವರಿಗೂ ಜ್ವರ ತಪ್ಪಿದ್ದಲ್ಲ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ. ಮೈಸೂರು ಸಂಸ್ಥಾನವು ರಾಕ್‌ಫೆಲ್ಲರ್ ಫೌಂಡೇಶನ್ನಿನ ಸಹಕಾರದಿಂದ 1920ರ ದಶಕದ ಕೊನೆಯಲ್ಲಿ ಮಲೇರಿಯಾ ನಿಯಂತ್ರಣದ ಕೆಲಸವನ್ನು ಕೈಗೊಂಡಿತು. 1949ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತಕ್ಕೆ ಕಳುಹಿಸಿದ ಮಲೇರಿಯಾ ತಂಡಗಳಲ್ಲಿ ಒಂದು ಮೈಸೂರು ಸಂಸ್ಥಾನದ ಮಲೆನಾಡಿಗೆ ಬಂದಿತು. 1953ರಲ್ಲಿ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮವೂ 1958ರಲ್ಲಿ ನಿರ್ಮೂಲನ ಕಾರ್ಯಕ್ರಮವೂ ಆರಂಭವಾಗಿ, ಡಿ.ಡಿ.ಟಿ. ಸಿಂಪಡಣೆ ಹಳ್ಳಿಹಳ್ಳಿಗೂ ತಲಪಿತು.

ಜ್ವರದ ಹಿಡಿತ ಸಡಿಲವಾದುದು ಈ ಸೀಮೆಯ ಚರಿತ್ರೆಯಲ್ಲಿ ದೊಡ್ಡ ತಿರುವು. ಹೊರಗಿನ ಬೇಸಾಯಗಾರರು ಕಾಡಂಚಿನಲ್ಲಿ ನೆಲೆಯೂರುವುದು ಸುಲಭವಾಯಿತು. ಬೇಸಾಯದ ಭೂಮಿ ಕಾಡಿನೊಳಕ್ಕೆ ಸರಿಯಿತು. ಅದಕ್ಕೂ ಮುಂಚಿನ ನೂರಾರು ವರ್ಷ ಜ್ವರದ ನಡುವೆಯೇ ಕಾಡಿನಲ್ಲಿ ಬದುಕಿ ಉಳಿದವರು ಯಾರು, ಹೇಗೆ ಉಳಿದರು ಎಂಬ ಪ್ರಶ್ನೆಗೆ ಉತ್ತರದ ಒಂದು ಭಾಗ ಕುಡಗೋಲು ಕಣದಲ್ಲಿದೆ.

ಷಿಕಾಗೋದಿಂದ ನೀಲಗಿರಿಗೆ

ಕುಡಗೋಲಿನ ಆಕಾರಕ್ಕೆ ಬಾಗಿದ ಕೆಂಪು ರಕ್ತಕಣಗಳನ್ನು ವೈದ್ಯಕೀಯ ಜಗತ್ತಿಗೆ ಮೊದಲು ವರದಿ ಮಾಡಿದವನು ಷಿಕಾಗೋದ ಜೇಮ್ಸ್ ಹೆರಿಕ್, 1910ರಲ್ಲಿ. ಆತನ ರೋಗಿ ಗ್ರೆನಡಾ ದ್ವೀಪದಿಂದ ಓದಲು ಬಂದಿದ್ದ ದಂತವೈದ್ಯ ವಿದ್ಯಾರ್ಥಿ. 1949ರಲ್ಲಿ ಲೈನಸ್ ಪೌಲಿಂಗ್ ಮತ್ತು ಸಂಗಡಿಗರು ಈ ರೋಗದ ಮೂಲ ಹಿಮೋಗ್ಲೋಬಿನ್ ಅಣುವಿನಲ್ಲಿಯೇ ಇದೆ ಎಂದು ತೋರಿಸಿದರು. ಒಂದು ರೋಗವನ್ನು ಒಂದು ಅಣುವಿನ ದೋಷವೆಂದು ಗುರುತಿಸಿದ್ದು ಅದೇ ಮೊದಲು. ಹಿಮೋಗ್ಲೋಬಿನ್ನಿನ ಬೀಟಾ ಸರಪಣಿಯ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಕುಳಿತಿರುವುದೇ ಆ ದೋಷವೆಂದು ವೆರ್ನಾನ್ ಇನ್‌ಗ್ರಾಮ್ 1950ರ ದಶಕದಲ್ಲಿ ಸ್ಪಷ್ಟಪಡಿಸಿದನು.

ಅಲ್ಲಿಯವರೆಗೆ ಇದು ಆಫ್ರಿಕಾ ಮೂಲದವರ ರೋಗವೆಂಬ ನಂಬಿಕೆಯಿತ್ತು. 1952ರಲ್ಲಿ ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಷ್ ನೀಲಗಿರಿ ಸೀಮೆಯ ಬುಡಕಟ್ಟುಗಳಲ್ಲಿ ಇದೇ ಲಕ್ಷಣವನ್ನು ಕಂಡು ವರದಿ ಮಾಡಿದರು. ನೀಲಗಿರಿ, ವಯನಾಡು ಮತ್ತು ಹೆಗ್ಗಡದೇವನಕೋಟೆಗಳ ನಡುವೆ ಇಂದು ರಾಜ್ಯಗಳ ಗಡಿಯಿದೆಯಾದರೂ ಕಾಡಿಗೆ ಆ ಗಡಿಯಿಲ್ಲ. ಕಾಡಿನೊಳಗಿನ ದಾರಿಗಳೂ ಹೆಣ್ಣು ಕೊಟ್ಟು ತರುವ ಸಂಬಂಧಗಳೂ ಈ ಮೂರನ್ನೂ ಹಿಂದಿನಿಂದ ಬೆಸೆದಿದ್ದವು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಈ ರೋಗವನ್ನು ಗುರುತಿಸಿ ಚಿಕಿತ್ಸೆಗೆ ತೊಡಗಿದವರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದ ಡಾ. ಎಚ್. ಸುದರ್ಶನ್. ಮೈಸೂರು ಭಾಗದ ಜೇನುಕುರುಬ ಮೊದಲಾದ ಸಮುದಾಯಗಳಲ್ಲಿಯೂ ಈ ವಂಶವಾಹಿ ಇರುವುದನ್ನು ಮಾನವಶಾಸ್ತ್ರಜ್ಞರ ಮತ್ತು ವೈದ್ಯರ ಅಧ್ಯಯನಗಳು ತೋರಿಸಿವೆ.

ಲೇಮನ್‌ನ ಕಾಲದ ವಿದ್ವಾಂಸರು ಈ ಶೋಧವನ್ನು ಅರ್ಥೈಸಿದ ರೀತಿ ಚರಿತ್ರೆಯ ವಿದ್ಯಾರ್ಥಿಗಳು ಗಮನಿಸಬೇಕಾದದ್ದು. ದಕ್ಷಿಣ ಭಾರತದ ಕಾಡುವಾಸಿಗಳನ್ನು ಅವರು ‘ವೆಡ್ಡಾಯ್ಡ್’ ಎಂಬ ಜನಾಂಗದ ಹೆಸರಿನಡಿ ಸೇರಿಸಿ, ಈ ವಂಶವಾಹಿಯನ್ನು ಆ ಜನಾಂಗದ ಗುರುತೆಂದು ಊಹಿಸಿದರು. ಅದು ಏಷ್ಯಾದಿಂದಲೇ ಆಫ್ರಿಕಾಕ್ಕೆ ಹೋಯಿತೆಂದು ಲೇಮನ್ ವಾದಿಸಿದ್ದೂ ಉಂಟು. ತಲೆಬುರುಡೆಯ ಅಳತೆಯಿಂದ ಜನಾಂಗಗಳನ್ನು ವಿಂಗಡಿಸುತ್ತಿದ್ದ ಹಳೆಯ ಪದ್ಧತಿಯೇ ಇಲ್ಲಿ ರಕ್ತಪರೀಕ್ಷೆಯ ರೂಪದಲ್ಲಿ ಮುಂದುವರಿದಿತ್ತು. 1954ರಲ್ಲಿ ಆಂಥೊನಿ ಆಲಿಸನ್ ಪೂರ್ವ ಆಫ್ರಿಕಾದಲ್ಲಿ ನಡೆಸಿದ ಅಧ್ಯಯನದಿಂದ ಬೇರೆಯೇ ಚಿತ್ರ ಹೊರಬಂದಿತು. ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ಈ ವಂಶವಾಹಿಯನ್ನು ಪಡೆದ ವಾಹಕರಿಗೆ ಮಲೇರಿಯಾದ ಮಾರಕ ರೂಪದಿಂದ ರಕ್ಷಣೆ ಸಿಗುತ್ತದೆ ಎಂಬುದೇ ಆ ಚಿತ್ರ. ಅಂದರೆ ಈ ವಂಶವಾಹಿ ಜನಾಂಗದ ಗುರುತಾಗಿರದೆ, ಜ್ವರದ ನಾಡಿನಲ್ಲಿ ಬದುಕಿದ ಅನುಭವದ ಗುರುತಾಗಿದೆ. ಹಾಗೆಂದು ಜ್ವರವಿದ್ದ ಕಡೆಯಲ್ಲೆಲ್ಲ ಇದು ಕಾಣಿಸಿಕೊಳ್ಳುವುದಿಲ್ಲ. ಬಯಲಿನ ನಾಲೆಗಳ ಬದಿಯಲ್ಲಿಯೂ ಚಳಿಜ್ವರವಿತ್ತು. ಜ್ವರವು ವಂಶವಾಹಿಯನ್ನು ಹುಟ್ಟಿಸದು. ಇರುವುದನ್ನು ಉಳಿಸಿ ಬೆಳೆಸುತ್ತದೆ.

ಅಂಟಿನ ಎರಡು ಮುಖಗಳು

ಈ ರಕ್ಷಣೆ ಹೇಗೆ ದೊರೆಯುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದ ವಿಜ್ಞಾನಿಗಳು ಜೀವಕೋಶಗಳ ಅಂಟಿಗೆ ಬಂದು ತಲಪಿದರು. ಮನುಷ್ಯದೇಹದ ಕೋಶಗಳು ಒಂದಕ್ಕೊಂದು ಹಿಡಿದುಕೊಳ್ಳಲು, ರಕ್ತದಲ್ಲಿ ಹರಿಯುವ ಕೋಶಗಳು ಬೇಕಾದ ಸ್ಥಳದಲ್ಲಿ ನಿಲ್ಲಲು ಅವುಗಳ ಮೈಮೇಲೆ ವಿಶಿಷ್ಟ ಪ್ರೋಟೀನುಗಳಿವೆ. ಅಂಥವುಗಳಲ್ಲಿ ಪಿ-ಸೆಲೆಕ್ಟಿನ್ ಒಂದು. 1984ರಲ್ಲಿ ಅಮೆರಿಕದ ಎರಡು ತಂಡಗಳು ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳಲ್ಲಿ ಇದನ್ನು ಬೇರೆಬೇರೆಯಾಗಿ ಗುರುತಿಸಿ ಬೇರೆಬೇರೆ ಹೆಸರಿಟ್ಟವು. ಪ್ಲೇಟ್‌ಲೆಟ್‌ನಲ್ಲಿ ಮೊದಲು ಕಂಡುದರಿಂದ ಆ ಹೆಸರಿನ ಮೊದಲಕ್ಷರವನ್ನು ಸೇರಿಸಿ ಪಿ-ಸೆಲೆಕ್ಟಿನ್ ಎಂಬ ಹೆಸರು ಬಳಿಕ ಸ್ಥಿರವಾಯಿತು. ರಕ್ತನಾಳದ ಒಳಪದರದ ಕೋಶಗಳಲ್ಲಿಯೂ ಇದು ಪುಟ್ಟ ಚೀಲಗಳೊಳಗೆ ಶೇಖರವಾಗಿರುತ್ತದೆ. ಗಾಯವೋ ಸೋಂಕೋ ಆದ ಕೂಡಲೇ ಕೆಲವೇ ನಿಮಿಷಗಳಲ್ಲಿ ಕೋಶದ ಮೈಮೇಲೆ ಬಂದು, ಹರಿದುಹೋಗುತ್ತಿರುವ ಬಿಳಿ ರಕ್ತಕಣಗಳನ್ನು ಹಿಡಿದು ನಿಧಾನಗೊಳಿಸುತ್ತದೆ. ಕಾಯುವ ಪಡೆಯನ್ನು ಬೇಕಾದ ಕಡೆ ಇಳಿಸುವುದೇ ಅದರ ಸಹಜ ಕೆಲಸ.

ಮಲೇರಿಯಾದ ಮಾರಕ ಪರಾವಲಂಬಿಯಾದ ಪ್ಲಾಸ್ಮೋಡಿಯಮ್ ಫಾಲ್ಸಿಪಾರಮ್ ಇಂಥ ಅಂಟುಪ್ರೋಟೀನುಗಳನ್ನೇ ತನ್ನ ಉಳಿವಿಗೆ ಬಳಸಿಕೊಳ್ಳುತ್ತದೆ. ತಾನು ಹೊಕ್ಕ ಕೆಂಪು ಕಣದ ಮೇಲ್ಮೈಗೆ ಅದು ತನ್ನದೇ ಪ್ರೋಟೀನನ್ನು ತಂದು ನಿಲ್ಲಿಸಿ, ಅದರ ಮೂಲಕ ರಕ್ತನಾಳದ ಗೋಡೆಗೆ ಅಂಟಿಕೊಳ್ಳುತ್ತದೆ. ಹೀಗೆ ಅಂಟಿಕೊಂಡ ಕಣ ಗುಲ್ಮದ ಶೋಧನೆಗೆ ಸಿಗದೆ ಉಳಿಯುತ್ತದೆ. ಮೆದುಳಿನ ನಾಳಗಳಲ್ಲಿ ಇಂಥ ಕಣಗಳು ಕಿಕ್ಕಿರಿದಾಗ ಪ್ರಾಣಕ್ಕೆ ಅಪಾಯ. ಗೋಡೆಯ ಮೇಲೆ ಅವು ಹಿಡಿದುಕೊಳ್ಳುವ ಸಿ.ಡಿ.36 ಮತ್ತು ಐಕ್ಯಾಮ್-1 ಎಂಬ ಮಾನವ ಪ್ರೋಟೀನುಗಳು ಗುರುತಾದದ್ದು 1989ರಲ್ಲಿ. ಕುಡಗೋಲು ಕಣದ ವಾಹಕರ ರಕ್ತದಲ್ಲಿ ಪರಾವಲಂಬಿಯ ಈ ಅಂಟು ದುರ್ಬಲವಾಗಿರುತ್ತದೆ ಎಂಬುದನ್ನು 2008ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ವಾಹಕರ ರಕ್ಷಣೆಗೆ ಇರುವ ಹಲವು ಕಾರಣಗಳಲ್ಲಿ ಇದೂ ಒಂದು.

ಆದರೆ ಅದೇ ವಂಶವಾಹಿ ತಂದೆ ಮತ್ತು ತಾಯಿ ಇಬ್ಬರಿಂದಲೂ ಬಂದ ಮಗುವಿನಲ್ಲಿ ಸ್ಥಿತಿ ತಿರುವುಮುರುವಾಗುತ್ತದೆ. ಆಮ್ಲಜನಕ ಕಡಿಮೆಯಾದಾಗ ಹಿಮೋಗ್ಲೋಬಿನ್ ಕಡ್ಡಿಗಳಂತೆ ಜೋಡಿಸಿಕೊಂಡು ಕಣವನ್ನು ಬಾಗಿಸುತ್ತದೆ. 120 ದಿನ ಬಾಳಬೇಕಾದ ಕಣ 10ರಿಂದ 20 ದಿನಗಳಲ್ಲಿ ಒಡೆಯುತ್ತದೆ. ಬಾಗಿದ ಕಣಗಳು ಕಿರಿದಾದ ನಾಳಗಳಲ್ಲಿ ಸಿಕ್ಕಿಕೊಂಡು ನೋವು ಬರುತ್ತದೆ ಎಂದಷ್ಟೇ ಬಹುಕಾಲ ತಿಳಿಯಲಾಗಿತ್ತು. 1980ರಲ್ಲಿ ಮಿನೆಸೋಟಾದ ರಾಬರ್ಟ್ ಹೆಬ್ಬೆಲ್ ಮತ್ತು ಸಂಗಡಿಗರು ಈ ಕಣಗಳು ನಾಳದ ಒಳಪದರಕ್ಕೆ ಅಸಹಜವಾಗಿ ಅಂಟಿಕೊಳ್ಳುತ್ತವೆ, ಆ ಅಂಟಿನ ಬಲಕ್ಕೂ ರೋಗದ ತೀವ್ರತೆಗೂ ಸಂಬಂಧವಿದೆ ಎಂದು ತೋರಿಸಿದರು. ಅಂಟಿನಲ್ಲಿ ಪಿ-ಸೆಲೆಕ್ಟಿನ್ನಿನ ಪಾತ್ರವನ್ನು 2001ರಲ್ಲಿ ಒಂದು ತಂಡ ಸ್ಥಾಪಿಸಿತು. ಬೆಂಗಳೂರಿನಲ್ಲಿ ಶಾಲಾಶಿಕ್ಷಣ ಪಡೆದ ಅಜಿತ್ ವರ್ಕಿ ಆ ತಂಡದಲ್ಲಿದ್ದರು. ಸೋಂಕಿನ ವಿರುದ್ಧ ಪಡೆಯನ್ನಿಳಿಸಲು ಇರುವ ಪ್ರೋಟೀನೇ ಇಲ್ಲಿ ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್‌ಗಳನ್ನು ಒಟ್ಟಿಗೆ ಹಿಡಿದು ನಾಳವನ್ನು ಕಟ್ಟುತ್ತದೆ. ಮೂಳೆ, ಎದೆ, ಹೊಟ್ಟೆಗಳಲ್ಲಿ ಏಳುವ ಅಸಾಧ್ಯ ನೋವಿನ ಮೂಲ ಇದೇ.

ಪರಾವಲಂಬಿಯ ಅಂಟನ್ನು ಬಿಡಿಸಿ ಸಮುದಾಯವನ್ನು ಕಾಯ್ದ ಬದಲಾವಣೆಯೇ ಆ ಸಮುದಾಯದ ಕೆಲವು ಮಕ್ಕಳ ರಕ್ತನಾಳಗಳಲ್ಲಿ ಅಂಟಾಗಿ ಕೂತಿತು. ಹಲವರ ಉಳಿವಿಗೆ ಕೆಲವರು ತೆತ್ತ ಬೆಲೆ ಇದು. ಡಿ.ಡಿ.ಟಿ.ಯ ಬಳಿಕ ಜ್ವರ ಇಳಿಯಿತು. ಆದರೆ ಬೆಲೆ ತೆರುವುದು ನಿಲ್ಲಲಿಲ್ಲ.

ಕಾಡು ಬಿಟ್ಟ ಮೇಲೆ

ಪಿ-ಸೆಲೆಕ್ಟಿನ್ ತಾನಾಗಿ ಸದಾ ಮೇಲೆದ್ದು ನಿಂತಿರುವುದಿಲ್ಲ. ಸೋಂಕು, ಉರಿಯೂತ, ಒಡೆದ ರಕ್ತಕಣಗಳು ಅದನ್ನು ಎಬ್ಬಿಸುತ್ತವೆ. ಜ್ವರ, ಬಾಯಾರಿಕೆ, ಚಳಿ, ಅತಿಯಾದ ದುಡಿಮೆ ನೋವಿನ ಸರದಿಗೆ ದಾರಿಮಾಡುತ್ತವೆ ಎಂಬುದು ವೈದ್ಯರ ಅನುಭವ. ಆದುದರಿಂದ ಇದು ವಂಶವಾಹಿಯ ಚರಿತ್ರೆಯಷ್ಟೇ ಅಲ್ಲ, ಬದುಕಿನ ಸ್ಥಿತಿಗತಿಯ ಚರಿತ್ರೆಯೂ ಹೌದು.

ಆ ಸ್ಥಿತಿಗತಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತ್ವರಿತವಾಗಿ ಬದಲಾಯಿತು. ಆನೆಗಳನ್ನು ಹಿಡಿದು ಪಳಗಿಸಲು ಕುರುಬರ ಕಾಡಿನ ತಿಳಿವಳಿಕೆಯನ್ನೇ ನೆಚ್ಚಿಕೊಂಡಿದ್ದ ಕಾಕನಕೋಟೆಯ ಖೆಡ್ಡಾ 1971ರಲ್ಲಿ ಕೊನೆಗೊಂಡಿತು. 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು ಪೂರ್ಣಗೊಂಡು ಕಾಡಿನ ದೊಡ್ಡ ಭಾಗ ನೀರಿನಡಿ ಸೇರಿತು. ನಾಗರಹೊಳೆ ಅಭಯಾರಣ್ಯ ಮೈಸೂರು ಭಾಗಕ್ಕೂ ವಿಸ್ತರಿಸಿ, 1980ರ ದಶಕದಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಹಾಡಿಗಳು ಕಾಡಿನ ಹೊರಕ್ಕೆ ಸರಿದವು. ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ಕೇಂದ್ರಗಳು ರೂಪುಗೊಂಡವು. ನಾಗರಹೊಳೆಯಿಂದ ಹೊರಹಾಕಲ್ಪಟ್ಟವರ ಸ್ಥಿತಿಯನ್ನು ಕುರಿತು ಉಚ್ಚ ನ್ಯಾಯಾಲಯದ ಸೂಚನೆಯಂತೆ ಪ್ರೊ. ಮುಜಾಫರ್ ಅಸಾದಿ ಅವರ ನೇತೃತ್ವದ ಸಮಿತಿ ಅಧ್ಯಯನ ನಡೆಸಿ 2014ರಲ್ಲಿ ವರದಿ ಸಲ್ಲಿಸಿತು. ಪುನರ್ವಸತಿಯ ಹಕ್ಕುಳ್ಳ 3,418 ಕುಟುಂಬಗಳನ್ನು ಆ ವರದಿ ಗುರುತಿಸಿತು.

ಜೇನು, ಗೆಡ್ಡೆಗೆಣಸು, ಸೊಪ್ಪುಗಳ ಆಹಾರಕ್ಕೆ ಬದಲಾಗಿ ಪಡಿತರದ ಅಕ್ಕಿ ಬಂದಿತು. ಕಾಡಿನ ಕಸುಬಿಗೆ ಬದಲಾಗಿ ಕೂಲಿ ಬಂದಿತು. ಕೊಡಗಿನ ಕಾಫಿತೋಟಗಳ ಮಳೆಚಳಿಯಲ್ಲಿ ದುಡಿಯುವವರಲ್ಲಿ ಈ ಹಾಡಿಗಳವರೂ ಇದ್ದಾರೆ. ವರ್ಜೀನಿಯಾ ತಂಬಾಕು ಬೆಳೆಯುವುದಕ್ಕೆ ಹೆಸರಾದ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರಗಳಲ್ಲಿ ಎಲೆ ಹದಮಾಡುವ ಬ್ಯಾರನ್ನುಗಳ ಕೆಲಸವೆಂದರೆ ಬಿಸಿ ಮತ್ತು ನಿದ್ದೆಗೇಡು. ಮೈಯಲ್ಲಿ ನೀರು ಆರಿದಷ್ಟೂ ಕುಡಗೋಲು ಕಣ ಬಾಗುವುದು ಹೆಚ್ಚು. ದಣಿವು, ಕೀಲುನೋವುಗಳಿಂದ ಕೆಲಸಕ್ಕೆ ಬಾರದ ಆಳನ್ನು ಸೋಮಾರಿ ಎಂದು ಕರೆಯುವುದು ಸುಲಭ. ಬರಿಗಣ್ಣಿಗೆ ಕಾಣದ ರೋಗ ಆ ಮಾತಿಗೆ ಎದುರುತ್ತರ ಕೊಡಲಾರದು.

ಚಿಕಿತ್ಸೆಯ ದಾರಿ

ಈ ಭಾಗದ ವೈದ್ಯಕೀಯ ಚರಿತ್ರೆಯಲ್ಲಿ 1984 ಮುಖ್ಯವಾದ ವರ್ಷ. ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳಾಗಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಆ ವರ್ಷ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯನ್ನು ಸ್ಥಾಪಿಸಿದರು. ಹೆಗ್ಗಡದೇವನಕೋಟೆಯ ಬ್ರಹ್ಮಗಿರಿ ಹಾಡಿಯಲ್ಲಿ ಆರಂಭವಾದ ಅದರ ಆರೋಗ್ಯ ಸೇವೆ ಕೆಂಚನಹಳ್ಳಿ, ಸರಗೂರುಗಳ ಆಸ್ಪತ್ರೆಗಳಾಗಿ ಬೆಳೆಯಿತು. ಆಸ್ಪತ್ರೆ ಕಾಡಂಚಿಗೇ ಬಂದುದರಿಂದ ಕಾರಣ ತಿಳಿಯದೆ ಸಾಯುತ್ತಿದ್ದ ಮಕ್ಕಳ ಕಾಯಿಲೆಗೆ ಹೆಸರು ಸಿಗುವ ಸಾಧ್ಯತೆ ಹುಟ್ಟಿತು.

ಅತ್ತ ಔಷಧದ ಚರಿತ್ರೆ ತನ್ನದೇ ದಾರಿಯಲ್ಲಿ ಸಾಗಿತು. 1998ರಲ್ಲಿ ಅಮೆರಿಕದಲ್ಲಿ ಈ ರೋಗಕ್ಕೆ ಮಂಜೂರಾದ ಹೈಡ್ರಾಕ್ಸಿಯೂರಿಯಾ ಗರ್ಭಸ್ಥ ಶಿಶುವಿನ ಹಿಮೋಗ್ಲೋಬಿನ್ನನ್ನು ಹೆಚ್ಚಿಸುವುದರ ಜೊತೆಗೆ ಕಣಗಳ ಅಂಟನ್ನೂ ಕಡಿಮೆ ಮಾಡುತ್ತದೆ. ಬೆಲೆಯೂ ಕೈಗೆಟುಕುವಂಥದು. ಪಿ-ಸೆಲೆಕ್ಟಿನ್ನನ್ನೇ ತಡೆಯುವ ಕ್ರಿಜಾನ್‌ಲಿಜುಮಾಬ್ ಎಂಬ ಪ್ರತಿಕಾಯವನ್ನು 198 ರೋಗಿಗಳ ಮೇಲೆ ಪರೀಕ್ಷಿಸಿದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ವರ್ಷಕ್ಕೆ 2.98ರಷ್ಟಿದ್ದ ನೋವಿನ ಸರದಿಗಳ ಮಧ್ಯಮಾಂಕ ಹೆಚ್ಚಿನ ಪ್ರಮಾಣದ ಔಷಧ ಪಡೆದವರಲ್ಲಿ 1.63 ಆಗಿತ್ತು. 2019ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. ಆದರೆ 2023ರಲ್ಲಿ ಹೊರಬಿದ್ದ ಮುಂದಿನ ಪರೀಕ್ಷೆಯಲ್ಲಿ ಹುಸಿಮದ್ದಿಗಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಅದೇ ವರ್ಷ ಐರೋಪ್ಯ ಒಕ್ಕೂಟದಲ್ಲಿ ಅದರ ಅನುಮತಿ ರದ್ದಾಯಿತು. ರಕ್ತಕಣವನ್ನು ಹಿಡಿಯುವ ಅಂಟು ಒಂದಲ್ಲ, ಹಲವು. ಒಂದನ್ನು ತಡೆದರೆ ಇನ್ನೊಂದು ಹಿಡಿಯಬಹುದು ಎಂಬ ಪಾಠವನ್ನು ಇದರಿಂದ ಕಲಿಯಬಹುದು. ವಂಶವಾಹಿಯನ್ನೇ ತಿದ್ದುವ ಚಿಕಿತ್ಸೆಗೆ 2023ರ ಕೊನೆಯಲ್ಲಿ ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಅನುಮತಿ ಸಿಕ್ಕಿದೆಯಾದರೂ ಅದರ ವೆಚ್ಚ ಹಾಡಿಯ ಕುಟುಂಬಕ್ಕೆ ಊಹೆಗೂ ನಿಲುಕದ್ದು.

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಕುಡಗೋಲು ಕಣ ರಕ್ತಹೀನತೆ ನಿರ್ಮೂಲನ ಅಭಿಯಾನ 17 ರಾಜ್ಯಗಳನ್ನು ಒಳಗೊಂಡಿದೆ, ಕರ್ನಾಟಕವೂ ಅವುಗಳಲ್ಲೊಂದು. ನಲವತ್ತು ವರ್ಷದೊಳಗಿನ 7 ಕೋಟಿ ಜನರ ತಪಾಸಣೆ ಮತ್ತು 2047ರೊಳಗೆ ರೋಗದ ನಿರ್ಮೂಲನ ಅದರ ಗುರಿ. ತಪಾಸಣೆಯ ಫಲಿತಾಂಶವನ್ನು ಚೀಟಿಯಲ್ಲಿ ನಮೂದಿಸಿ ಕೊಡಲಾಗುತ್ತದೆ. ವಾಹಕರಿಬ್ಬರು ಮದುವೆಯಾದರೆ ಪ್ರತಿ ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲೊಂದು. ಆದುದರಿಂದ ಮದುವೆಗೆ ಮುನ್ನ ತಿಳಿವಳಿಕೆ ನೀಡುವುದು ಅಭಿಯಾನದ ಮುಖ್ಯ ಭಾಗ. ವಾಹಕನಾಗಿರುವುದು ರೋಗವಲ್ಲ ಎಂಬುದನ್ನು ಅದೇ ಉಸಿರಿನಲ್ಲಿ ಹೇಳದಿದ್ದರೆ, ಆ ಚೀಟಿಯೇ ಹಾಡಿಯ ಹೆಣ್ಣುಮಕ್ಕಳಿಗೆ ಕಳಂಕವಾಗುವ ಭಯವಿದೆ.

ರಕ್ತವನ್ನು ಆಕರವಾಗಿ ಓದುವುದು

ಕೊನೆಯದಾಗಿ ವಿಧಾನದ ಪ್ರಶ್ನೆ. ಭಾರತದ ಬುಡಕಟ್ಟುಗಳಲ್ಲಿ ಕಾಣುವ ಕುಡಗೋಲು ವಂಶವಾಹಿಯ ಅಕ್ಕಪಕ್ಕದ ಗುರುತುಗಳು ಆಫ್ರಿಕಾದವುಗಳಿಂದ ಭಿನ್ನವಾಗಿದ್ದು, ಅರೇಬಿಯಾದ ಪೂರ್ವ ಭಾಗದವುಗಳಿಗೆ ಹೊಂದುತ್ತವೆ ಎಂದು 1986ರಲ್ಲಿ ಕಂಡುಬಂದಿತು. ನೀಲಗಿರಿಯಲ್ಲಿಯೂ ಒರಿಸ್ಸಾದಲ್ಲಿಯೂ ಅದೇ ಗುರುತುಗಳಿರುವುದರಿಂದ ಬುಡಕಟ್ಟುಗಳ ಮೂಲ ಒಂದೇ ಎಂದು ಕೆಲವರು ವಾದಿಸಿದರು. 2018ರಲ್ಲಿ ಪ್ರಕಟವಾದ ಮತ್ತೊಂದು ವಿಶ್ಲೇಷಣೆ ಈ ಬದಲಾವಣೆ ಜಗತ್ತಿನಲ್ಲಿ ಒಮ್ಮೆ ಮಾತ್ರ, ಸುಮಾರು 7,300 ವರ್ಷಗಳ ಹಿಂದೆ ಆಫ್ರಿಕಾದಲ್ಲಿ ಹುಟ್ಟಿ ಎಲ್ಲೆಡೆ ಹರಡಿತೆಂದು ಪ್ರತಿಪಾದಿಸಿತು. ಎರಡು ವಾದಗಳ ನಡುವಿನ ಚರ್ಚೆ ಮುಗಿದಿಲ್ಲ. ಒಂದು ವಂಶವಾಹಿಯ ಪಯಣವನ್ನು ಒಂದು ಸಮುದಾಯದ ಪಯಣವೆಂದು ತಿಳಿಯಬಾರದು ಎಂಬ ಎಚ್ಚರ ಇತಿಹಾಸಕಾರನಿಗೆ ಅಗತ್ಯ. ಮದುವೆಯ ಮೂಲಕ ವಂಶವಾಹಿಯೊಂದು ಒಂದು ಸಮುದಾಯದಿಂದ ಇನ್ನೊಂದಕ್ಕೆ ಸೇರಬಹುದು. ಭಾಷೆ, ಕುಲ, ದೈವಗಳು ಅದರ ಹಿಂದೆಯೇ ಬರಬೇಕೆಂಬ ನಿಯಮವಿಲ್ಲ.

ಶಾಸನವನ್ನು ಓದಲು ಕಲ್ಲಿನ ಅನುಮತಿ ಬೇಕಿಲ್ಲ. ರಕ್ತವನ್ನು ಓದಲು ಮನುಷ್ಯನ ಅನುಮತಿ ಬೇಕು. ಇಪ್ಪತ್ತನೆಯ ಶತಮಾನದ ಲೇಖನಗಳಲ್ಲಿ ಶೇಕಡಾವಾರು ಲೆಕ್ಕಗಳಿವೆ; ಬೆರಳು ಚುಚ್ಚಿಸಿಕೊಂಡವರಿಗೆ ಫಲಿತಾಂಶವನ್ನು ತಿಳಿಸುವುದು ಅಂದಿನ ಅಧ್ಯಯನಗಳ ಗುರಿಯಾಗಿರಲಿಲ್ಲ. ಆ ಲೆಕ್ಕಗಳು ವಿದ್ವತ್ತಿನ ಚರ್ಚೆಗೆ ಸಂದಷ್ಟು ಬೇಗ ಮಾತ್ರೆಯಾಗಿ ಹಾಡಿಗೆ ಮರಳಲಿಲ್ಲ. ನೀಲಗಿರಿಯ ವರದಿ 1952ರದು, ರಾಷ್ಟ್ರೀಯ ಅಭಿಯಾನ 2023ರದು. ನಡುವಿನ 71 ವರ್ಷಗಳ ಅಂತರವನ್ನೂ ಚರಿತ್ರೆಯ ದಾಖಲೆಯಾಗಿಯೇ ಪರಿಗಣಿಸಬೇಕು.

ಉಪಸಂಹಾರ

ಒಟ್ಟಿನಲ್ಲಿ, ಹೆಗ್ಗಡದೇವನಕೋಟೆ ಮತ್ತು ಅದರ ನೆರೆಯ ತಾಲ್ಲೂಕುಗಳ ಚರಿತ್ರೆಯನ್ನು ಅರಸರ ದಾನ ಮತ್ತು ಯುದ್ಧಗಳಿಗೆ ಸೀಮಿತಗೊಳಿಸಲಾಗದು. ಸೊಳ್ಳೆ, ತೊರೆ, ನಾಲೆ, ಅಣೆಕಟ್ಟು, ತಂಬಾಕಿನ ಬ್ಯಾರನ್ನು, ರಕ್ತನಾಳದ ಗೋಡೆಯ ಮೇಲಿನ ಒಂದು ಪ್ರೋಟೀನು ಇವೆಲ್ಲವೂ ಆ ಚರಿತ್ರೆಯ ಪಾತ್ರಗಳೇ. ಕಾಡಿನ ಜನ ಚಳಿಜ್ವರವನ್ನು ಗೆದ್ದು ಉಳಿದದ್ದಕ್ಕೆ ಅವರ ರಕ್ತ ಸಾಕ್ಷಿಯಾಗಿದೆ; ಕಾಡಿನಿಂದ ಹೊರಬಂದ ಮೇಲೆ ಅವರಿಗೆ ನಾಡು ಏನು ಕೊಟ್ಟಿತು ಎಂಬುದಕ್ಕೂ ಅದೇ ಸಾಕ್ಷಿ. ಪ್ರಯೋಗಶಾಲೆಯ ದಾಖಲೆಗಳನ್ನೂ ಹಾಡಿಯ ಹಿರಿಯರ ನೆನಪುಗಳನ್ನೂ, ಅವರ ಒಪ್ಪಿಗೆ ಮತ್ತು ಸಹಭಾಗಿತ್ವದೊಂದಿಗೆ ಜೊತೆಗಿಟ್ಟು ಓದುವ ಕೆಲಸ ಇನ್ನಷ್ಟು ನಡೆಯಬೇಕಾಗಿದೆ. ಆ ಕೆಲಸಕ್ಕೆ ಹಾಡಿಗಳಿಂದಲೇ ಓದಿ ಬಂದ ಯುವಕ ಯುವತಿಯರು ಮುಂದಾದಾಗ, ಹೊರಗಿನವರು ಮಾತ್ರ ಬರೆದ ಈ ಚರಿತ್ರೆಗೆ ಒಳಗಿನವರ ದನಿಯೂ ಸೇರುತ್ತದೆ.